‘ಸೋಮಾರಿತನ’ ಎಂಬ ಪದವನ್ನು ಬಿಡಿ

ಪ್ರಿಯ ಲೇಖಕರೇ,

ಈಜಿಪ್ಟಿನ ಮರುಭೂಮಿಯ ಕ್ರೈಸ್ತ ಸನ್ಯಾಸಿಗಳನ್ನು ಕುರಿತ ನಿಮ್ಮ ‘ಸೋಮಾರಿತನವೆಂಬ ಪಾಪ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ವಿಷಯವನ್ನು ಕೈಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ತೊಡಕು ಶೀರ್ಷಿಕೆಯಲ್ಲೇ ಇದೆ. ಕ್ರಿ.ಶ. 399ರಲ್ಲಿ ತೀರಿಕೊಂಡ, ಆ ಮರುಭೂಮಿಯ ಸನ್ಯಾಸಿ ಎವಾಗ್ರಿಯಸ್ ಬಳಸಿದ ಗ್ರೀಕ್ ಪದ ‘ಅಕೇಡಿಯಾ’. ಅವನು ಬಣ್ಣಿಸುವ ಸನ್ಯಾಸಿಯನ್ನು ನೋಡಿ. ಬೆಳಗಿನ ಹತ್ತರ ಸುಮಾರಿಗೆ ಕಾಟ ಶುರುವಾಗುತ್ತದೆ. ಸೂರ್ಯ ನಿಂತಲ್ಲೇ ನಿಂತಂತೆ, ಹಗಲಿಗೆ ಐವತ್ತು ಗಂಟೆಗಳಿರುವಂತೆ ತೋರುತ್ತದೆ. ಮೂರು ಗಂಟೆಯ ಊಟಕ್ಕೆ ಇನ್ನೆಷ್ಟು ಹೊತ್ತೆಂದು ಕಣ್ಣು ಮತ್ತೆ ಮತ್ತೆ ಕಿಟಕಿಗೆ ಹೋಗುತ್ತದೆ. ಇರುವ ಜಾಗ ಬೇಡ, ಕೈಗೆಲಸ ಬೇಡ. ಜೊತೆಯವರಲ್ಲಿ ಪ್ರೀತಿಯೇ ಉಳಿದಿಲ್ಲವೆಂಬ ಕೊರಗು. ಬೇರೆಡೆ ಹೋದರೆ ಎಲ್ಲವೂ ಸಲೀಸೆಂಬ ಆಸೆ. ಮುಂದೆ ಈ ಸನ್ಯಾಸಿಗಳ ಬಗ್ಗೆ ಕ್ಯಾಸಿಯನ್ ಎಂಬ ಸನ್ಯಾಸಿ ಬರೆಯುವಾಗ, ರೋಗಿಗಳನ್ನು ನೋಡಿಬರಬೇಕೆಂಬ ಪುಣ್ಯದ ನೆಪವೂ ಇದಕ್ಕೆ ಸೇರುತ್ತದೆ. ಇವನನ್ನು ಸೋಮಾರಿ ಎನ್ನಬಹುದೇ? ಇವನು ಕಾಲು ನಿಲ್ಲದವನು. ಸರಿಯಾದ ಕನ್ನಡ ಪದ ಸಿಗದಿದ್ದರೆ ‘ಅಕೇಡಿಯಾ’ ಎಂದೇ ಇಟ್ಟು, ಈ ಕಿಟಕಿಯನ್ನು ಓದುಗರಿಗೆ ತೋರಿಸಿ.

‘ಪಾಪ’ ಎಂಬ ಮಾತೂ ಇಲ್ಲಿ ಹೊಂದುವುದಿಲ್ಲ. ನೀವು ಹೇಳುವ ಏಳು ಪಾಪಗಳ ಪಟ್ಟಿ ಸುಮಾರು ಇನ್ನೂರು ವರ್ಷಗಳ ಬಳಿಕ ಪೋಪ್ ಗ್ರೆಗರಿಯಿಂದ ಬಂದದ್ದು. ಎವಾಗ್ರಿಯಸ್ ಹೇಳಿದ್ದು ಎಂಟು ‘ಆಲೋಚನೆ’ಗಳನ್ನು. ಅವು ನಮ್ಮನ್ನು ಕಾಡುವುದು, ಬಿಡುವುದು ನಮ್ಮ ಕೈಯಲ್ಲಿಲ್ಲ. ಅವು ಒಳಗೆ ತಂಗುತ್ತವೆಯೋ ಇಲ್ಲವೋ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ ಎನ್ನುತ್ತಾನೆ. ಆ ಸನ್ಯಾಸಿಗಳ ನೀತಿಶಿಕ್ಷಣವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ. ನಿಮ್ಮ ಎಂಟು ಪುಟಗಳಲ್ಲಿ ಅದರ ಸುಳಿವೇ ಇಲ್ಲ, ಇದು ನನಗೆ ನಿಜಕ್ಕೂ ನೋವು ತಂದಿತು.

ಮೊಬೈಲ್ ಗೀಳು, ಕಚೇರಿಯ ಒತ್ತಡ, ದಿನಚರಿಯ ಸಲಹೆಗಳಿರುವ ಕೊನೆಯ ಮೂರು ಪುಟಗಳನ್ನು ತೆಗೆಯಿರಿ.

ಕ್ಯಾಸಿಯನ್ ಹೇಳುವ ಪಾಲ್ ಎಂಬ ಸನ್ಯಾಸಿಯ ಕಥೆಯನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಸಿದ್ದೀರಿ. ಲೇಖನದ ಜೀವ ಇರುವುದು ಅಲ್ಲಿ. ಪಾಲ್ ಇದ್ದ ಜಾಗ ಪಟ್ಟಣದಿಂದ ಏಳು ದಿನಗಳ ದಾರಿ. ಮಾಡಿದ್ದನ್ನು ಸಾಗಿಸಿ ಮಾರಲು ಹೋದರೆ ಬೆಲೆಗಿಂತ ಬಾಡಿಗೆಯೇ ಹೆಚ್ಚು. ಆದರೂ ಅವನು ದಿನವೂ ಖರ್ಜೂರದ ಗರಿ ಕೂಡಿಸಿ, ತಪ್ಪದೆ ತನ್ನ ಪಾಲಿನ ಕೆಲಸ ಮುಗಿಸುತ್ತಿದ್ದ. ಗವಿ ತುಂಬಿದಾಗ ವರ್ಷದ ದುಡಿಮೆಯನ್ನೆಲ್ಲ ತಾನೇ ಸುಟ್ಟು, ಮತ್ತೆ ಗರಿ ಹಿಡಿಯುತ್ತಿದ್ದ. ಯಾರಿಗೂ ಬೇಡದ ಆ ಕೆಲಸ ಅವನನ್ನು ಏನಾಗಿಸುತ್ತಿತ್ತು? ನೀವು ಬರೆಯಬೇಕಾದದ್ದು ಅದನ್ನು.

ಆ ಬೆಂಕಿಯಿಂದ ಆರಂಭಿಸಿ, ನಾಲ್ಕು ಪುಟ ಬರೆದು ಕಳುಹಿಸಿ. ಮತ್ತೆ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ