ದೇವರಕಾಡಿನ ಕ್ಯಾನೊಪಿ (ಮರಗಳ ಎಲೆಚಪ್ಪರ) ಎಷ್ಟು ದಟ್ಟ ಅಂತ ಮಣ್ಣಿನ ಇಂಗಾಲದ ಐಸೊಟೋಪ್‌ನಿಂದ ಹೇಳಬಹುದಾ? ವಿರಾಜಪೇಟೆ ಹತ್ತಿರ ಎಷ್ಟು ಕಡೆ ಮಣ್ಣು ತೆಗೆಯಬೇಕು?

ಎಂಎಸ್ಸಿ ಪ್ರಾಜೆಕ್ಟ್ ತಾನೇ? ನಾನೂ ಇದಕ್ಕೇ ಕೈ ಹಾಕಿದ್ದೆ, ಅದೂ ವಿರಾಜಪೇಟೆ ಕಡೆಯ ದೇವರಕಾಡಿನಲ್ಲೇ. ಮೂವತ್ತು ಕವರ್ ಮಣ್ಣು, ಕಾಲ ತುಂಬ ಜಿಗಣೆ.

ಲೆಕ್ಕ ಸುಲಭ ಅನಿಸಿತ್ತು. ದಟ್ಟ ಕಾಡಿನ ಕೆಳಗೆ ಬೆಳಕು ಕಮ್ಮಿ. ಮಣ್ಣಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಕೂಡ ಅಲ್ಲೇ ಸುತ್ತುತ್ತಿರುತ್ತದೆ. ಹಾಗಾಗಿ ಕೆಳಗಿನ ಎಲೆಗಳಲ್ಲಿ ಇಂಗಾಲ-13 (ಇಂಗಾಲದ ಐಸೊಟೋಪ್, ಅಂದರೆ ಸ್ವಲ್ಪ ಭಾರದ ರೂಪ) ಇನ್ನೂ ಕಮ್ಮಿ, ಎಲೆ ಕೊಳೆತ ಮೇಲೂ ಆ ಗುರುತು ಮಣ್ಣಲ್ಲಿ ಉಳಿಯುತ್ತದೆ. ಇದನ್ನ ಅಳೆಯೋದು ಡೆಲ್ಟಾ ಲೆಕ್ಕದಲ್ಲಿ, ಒಂದು ಗೊತ್ತಾದ ಮಾದರಿಗೆ ಹೋಲಿಸಿ; ಮೈನಸ್ ಜಾಸ್ತಿಯಾದಷ್ಟೂ ಇಂಗಾಲ-13 ಕಮ್ಮಿ. ಮರಗಿಡಗಳದ್ದು ಸಾವಿರಕ್ಕೆ ಸುಮಾರು -27, ಬಿಸಿಲು ನಾಡಿನ ಹುಲ್ಲಿನದ್ದು ಸುಮಾರು -13.

ನನಗೆ ಕಾಡಿನ ನಡುವೆ -28 ಬಂತು, ಕಾಫಿ ತೋಟದ ಕಡೆಯ ಅಂಚಿನಲ್ಲಿ -25. ಖುಷಿಯೋ ಖುಷಿ. ಅಂಚಿನಲ್ಲಿ ಕಾಡು ತೆಳುವಾಗಿದೆ ಅಂತ ಒಂದು ಅಧ್ಯಾಯವನ್ನೇ ಬರೆದೆ.

ಆಮೇಲೊಂದು ದಿನ ಆ ತೋಟದ ರೈಟರ್ (ಲೆಕ್ಕಪತ್ರ ನೋಡಿಕೊಳ್ಳುವವರು) ಸಿಕ್ಕಿದರು. "ಅಲ್ಲಿಂದ ಯಾಕೆ ತೆಗೆದ್ರಿ ಮೇಡಂ? ಲಾರಿ ಮುಂದೆ ಹೋಗಲ್ಲ ಅಂತ ಸುಣ್ಣದ ಮೂಟೆ ಎಲ್ಲ ಅಲ್ಲೇ ಇಳಿಸಿದ್ದು. ಮಳೆಗೆ ಅರ್ಧ ಒಡೆದೇ ಹೋಯ್ತು."

ಉಳಿದಿದ್ದ ಒಂದು ಕವರ್ ಬಿಚ್ಚಿದೆ. ಒಂದು ಚಿಟಿಕೆ ಮಣ್ಣಿನ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಎರಡು ಹನಿ ಬಿಟ್ಟೆ. ಚುರ್ ಅಂತ ಸಣ್ಣ ನೊರೆ, ಸೋಡಾ ಬಾಟಲಿಯ ಬಾಯಲ್ಲಿ ಬರುವ ಹಾಗೆ. ನೊರೆ ಬಂತು ಅಂದರೆ ಮಣ್ಣಲ್ಲಿ ಸುಣ್ಣ ಇದೆ ಅಂತ. ನೋಡಿ ಕೈ ಕಾಲು ತಣ್ಣಗಾಯಿತು.

ತಪ್ಪು ಎಲ್ಲಿ ಅಂತ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ. ಕೊಡಗಿನ ಮಣ್ಣು ಹುಳಿ ಮಣ್ಣು, ಅದರಲ್ಲಿ ಸುಣ್ಣ ತಾನಾಗಿ ಇರುವುದಿಲ್ಲ. ಹಾಗಾಗಿ ಆಸಿಡ್‌ನಲ್ಲಿ ತೊಳೆದು ಸುಣ್ಣ ತೆಗೆಯುವ ಕೆಲಸ ದಂಡ ಅಂತ ಬಿಟ್ಟಿದ್ದೆ. ಆದರೆ ಮಣ್ಣು ಹುಳಿ ಅಂತಲೇ ಅಲ್ವಾ ತೋಟದವರು ಸುಣ್ಣ ಹಾಕೋದು! ಸುಣ್ಣದ ಕಲ್ಲಿನ ಇಂಗಾಲದ ಡೆಲ್ಟಾ ಹೆಚ್ಚುಕಮ್ಮಿ ಸೊನ್ನೆ. 100 ಗ್ರಾಂ ಮಣ್ಣಲ್ಲಿ 3 ಗ್ರಾಂ ಎಲೆಯ ಇಂಗಾಲ ಇದೆ ಅಂದುಕೊಳ್ಳಿ. ಅದಕ್ಕೆ 3 ಗ್ರಾಂ ಸುಣ್ಣದ ಕಲ್ಲಿನ ಪುಡಿ ಸೇರಿದರೆ ಸಾಕು, -28 ಇದ್ದದ್ದು -25 ಆಗುತ್ತದೆ. ನನ್ನ ಅಧ್ಯಾಯ ನಿಂತಿದ್ದು ಆ ಮೂರು ಗ್ರಾಂ ಮೇಲೆ. ತೊಳೆದು ಮತ್ತೆ ಲ್ಯಾಬಿಗೆ ದುಡ್ಡು ಕಟ್ಟಿ ಕಳಿಸಿದೆ. ಎರಡೂ ಕಡೆ -28. ಅಧ್ಯಾಯ ಹೋಯಿತು, ಆರು ತಿಂಗಳೂ ಹೋಯಿತು.

ಇನ್ನು ನಿಮ್ಮ ಪ್ರಶ್ನೆ. ನನ್ನ ಕೇಳಿದರೆ ಪ್ರಶ್ನೆಯೇ ಸರಿ ಇಲ್ಲ. ಇವತ್ತಿನ ಕ್ಯಾನೊಪಿ ಬೇಕಾದರೆ ತಲೆ ಎತ್ತಿ ನೋಡಿ. ಮೊಬೈಲ್‌ಗೆ ಫಿಶ್‌ಐ ಲೆನ್ಸ್ ಹಾಕಿ ಫೋಟೋ ತೆಗೆದರೆ ಒಂದೇ ದಿನದಲ್ಲಿ ಮುಗಿಯುತ್ತದೆ. ಮಣ್ಣು ಹೇಳೋದು ಎಷ್ಟೋ ವರ್ಷಗಳ ಕಲಸುಮೇಲೋಗರ. ಮಳೆ ಬೇರೆ ಕೈ ಆಡಿಸುತ್ತದೆ. ಮಳೆ ಜಾಸ್ತಿಯಿರುವ ಭಾಗಮಂಡಲದ ಮರಕ್ಕಿಂತ ಕುಶಾಲನಗರದ ಒಣ ಕಾಡಿನ ಮರದ ಅಂಕಿ ಹೇಗೂ ಸೊನ್ನೆಗೆ ಹತ್ತಿರ. ಕಾಫಿ, ಸಿಲ್ವರ್ ಓಕ್, ಕಾಡುಮರ ಎಲ್ಲ -27ರ ಆಸುಪಾಸಿನ ಒಂದೇ ಗುಂಪು, ಹಾಗಾಗಿ ತೋಟವನ್ನೂ ಕಾಡನ್ನೂ ಈ ಅಂಕಿ ಬೇರೆ ಮಾಡಿ ತೋರಿಸಲ್ಲ.

ಮಣ್ಣನ್ನು ಹಳೇ ಕಥೆ ಕೇಳಿ. ಈ ಕಾಡಿರುವ ಜಾಗ ಹಿಂದೆ ಹುಲ್ಲುಗಾವಲಾಗಿತ್ತಾ ಅಂತ. ನೀಲಗಿರಿಯ ಜೌಗು ಮಣ್ಣಿನಿಂದ ವಿಜ್ಞಾನಿಗಳಾದ ಸುಕುಮಾರ್, ರಮೇಶ್ ಮತ್ತು ಜೊತೆಗಾರರು 1993ರಲ್ಲಿ ತೆಗೆದಿದ್ದು ಇಂಥ ಕಥೆಯನ್ನೇ, ಹುಲ್ಲು ಮತ್ತು ಹವೆ ಬದಲಾದ ಕಥೆ. ಆದರೆ ಆಳಕ್ಕೆ ಹೋದ ಹಾಗೆ ಕೊಳೆಯುವುದರಿಂದಲೇ ಅಂಕಿ 1ರಿಂದ 3ರಷ್ಟು ಸೊನ್ನೆಯ ಕಡೆಗೆ ಏರುತ್ತದೆ. ಅದನ್ನ ಹುಲ್ಲು ಅಂದುಕೊಳ್ಳಬೇಡಿ.

ಎಷ್ಟು ಕಡೆ ಅಂದ್ರೆ, ಮೂವತ್ತು ಕವರ್ ಮೇಲ್ಮಣ್ಣಿಗಿಂತ ಮೀಟರ್ ಆಳದ ಐದು ಗುಂಡಿ ಮೇಲು. ಅಂಚು ಬಿಟ್ಟು ಒಳಗೆ. ಅರಣ್ಯ ಇಲಾಖೆ ಕಾಗದ ಜೇಬಲ್ಲಿದ್ದರೂ ಊರಿನ ತಕ್ಕರನ್ನ (ಊರಿನ ಹಿರಿಯ ಮುಖ್ಯಸ್ಥರನ್ನ) ಕೇಳದೆ ಗುದ್ದಲಿ ಎತ್ತಬೇಡಿ. ಹಾಗೇ ಪಕ್ಕದ ತೋಟದ ರೈಟರ್ ಜೊತೆ ಒಂದು ಕಾಫಿ ಕುಡಿದು, ಸುಣ್ಣ ಎಲ್ಲಿ ಇಳಿಸ್ತೀರಿ ಅಂತ ಕೇಳಿ.