ಪ್ರತಿಭಟನೆ, ಲಾಬಿ, ಬಹಿರಂಗ ಪತ್ರ: ಯಾವುದರಿಂದ ಕೆಲಸ ಆಗುತ್ತದೆ?

ಈ ಮೂರರಲ್ಲಿ ರಾಜಕೀಯ ಬದಲಾವಣೆ ತರುವುದು ಯಾವುದು ಅಂತ ಕೇಳಿದ್ದೀರಿ. ನಾನು ಕಲಬುರಗಿಯವನು. ಇಲ್ಲಿ ನಾನು ಕಂಡಂತೆ ಮೊದಲು ಬೇಕಾಗುವುದು ಪ್ರತಿಭಟನೆ. ಆದರೆ ಅದರ ಹಿಂದೆಯೇ ಕಾಗದ ಹಿಡಿದು ಅಧಿಕಾರದಲ್ಲಿರುವವರ ಬಳಿ ಓಡಾಡುವವರು, ಅಂದರೆ ಲಾಬಿ ಮಾಡುವವರು, ಇಲ್ಲದಿದ್ದರೆ ಏನೂ ಆಗೋದಿಲ್ಲ.

ನಮ್ಮ 371ಜೆ ವಿಷಯ ನೋಡಿ. ಅದು ನಮ್ಮ ಹೈದರಾಬಾದ್ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ ವಿಧಿ. ಪಕ್ಕದ ಆಂಧ್ರಕ್ಕೆ 1970ರ ದಶಕದಲ್ಲೇ ಇಂಥದ್ದೇ 371ಡಿ ವಿಧಿ ಸಿಕ್ಕಿತ್ತು. ನಾವೂ ನಿಜಾಮರ ಕೈಕೆಳಗೇ ಇದ್ದವರು, ನಮಗ್ಯಾಕಿಲ್ಲ ಅಂತ ಇಲ್ಲಿನ ಜನ ಕೇಳಿದರು. ಈ ಭಾಗದ ನಾಯಕ ವೈಜನಾಥ ಪಾಟೀಲರು ಇದೊಂದನ್ನೇ ಹಿಡಿದು ವರ್ಷಗಟ್ಟಲೆ ಹೋರಾಡಿದರು. ಧರಣಿ, ಬಂದ್ ಎಲ್ಲ ಆಯಿತು. ಕೇಂದ್ರ ಒಮ್ಮೆ ಆಗೋದಿಲ್ಲ ಅಂತಲೂ ಹೇಳಿತು. ಕೊನೆಗೆ ಇಲ್ಲಿನವರೇ ಆದ ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ಅವರು ದೆಹಲಿಯಲ್ಲಿ ಬೆನ್ನು ಹತ್ತಿದರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ತಿದ್ದುಪಡಿಯನ್ನು ಒಪ್ಪಿತು. ಅದು ಒಳಗಿನ ಓಡಾಟದ ಫಲ, ನಿಜ. ಆದರೆ ಜನ ಅಷ್ಟು ವರ್ಷ ಬೀದಿಯಲ್ಲಿ ಕೂರದಿದ್ದರೆ ಇವರ ಮಾತಿಗೆ ಅಲ್ಲಿ ತೂಕ ಎಲ್ಲಿಂದ ಬರುತ್ತಿತ್ತು?

ಈಗ ಈ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಶೇ. 70 ಸೀಟು, ರಾಜ್ಯದ ಉಳಿದ ಕಡೆ ಶೇ. 8. ನನ್ನ ಅಕ್ಕನ ಮಗಳಿಗೆ ಸೀಟು ಸಿಕ್ಕಿದ್ದು ಇದರಿಂದಲೇ. 371ಜೆ ಸರ್ಟಿಫಿಕೇಟ್ ಕೈಗೆ ಬಂದ ದಿನ ಅಕ್ಕ ಅದನ್ನು ದೇವರ ಮುಂದೆ ಇಟ್ಟಿದ್ದಳು.

ಇನ್ನೊಂದು, ನಮ್ಮೂರಿನ ಬಸ್ಸಿನದು. ಕಾಲೇಜಿಗೆ ಹೋಗುವ ಹುಡುಗಿಯರಿಗೆ ಬೆಳಿಗ್ಗೆ ಬಸ್ ಇರಲಿಲ್ಲ. ಒಂದು ದಿನ ತಾಯಂದಿರೇ ರಸ್ತೆಗೆ ಬಂದು ಬಸ್ ತಡೆದರು. ಅಧಿಕಾರಿ ಬಂದರು, ಮನವಿ ಪತ್ರ ತಗೊಂಡರು, ಫೋಟೊ ಆಯಿತು. ಎಂಟು ದಿನ ಬಸ್ ಬಂತು, ಆಮೇಲೆ ನಿಂತಿತು. ನಾವು ನಾಲ್ಕು ಜನ ಡಿಪೊಗೆ ಹೋದೆವು. "ಎಷ್ಟು ಹುಡುಗ್ಯಾರು ಹೋಗ್ತಾರ್ರೀ? ಬರಕೊಂಡು ಬರ್ರಿ" ಅಂದರು. ಅಲ್ಲಿಯವರೆಗೆ ನಾವು ಯಾರೂ ಲೆಕ್ಕವನ್ನೇ ಹಾಕಿರಲಿಲ್ಲ! ಮನೆಮನೆಗೆ ಹೋಗಿ ಬರೆದೆವು. 43 ಹೆಸರು, ಪಾಸ್ ನಂಬರ್, ಕಾಲೇಜಿನ ಟೈಮ್. ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡೆವು, ಇನ್ನೊಂದನ್ನು ಶಾಸಕರ ಪಿಎ ಕೈಗೆ ಕೊಟ್ಟೆವು. ಮುಂದಿನ ತಿಂಗಳಿಂದ ಬಸ್ ಕಾಯಂ ಆಯಿತು. ಬರೀ ಪಟ್ಟಿ ಹಿಡಿದು ಮೊದಲೇ ಹೋಗಿದ್ದರೆ ಆಗುತ್ತಿತ್ತಾ? ಇಲ್ಲ ಅಂತಲೇ ನನ್ನ ಅನಿಸಿಕೆ. ರಸ್ತೆ ತಡೆದ ಊರಿನವರು ಅಂತ ಗೊತ್ತಿದ್ದಕ್ಕೇ ನಮ್ಮನ್ನು ಕೂರಿಸಿ ಮಾತಾಡಿಸಿದರು.

ಬಹಿರಂಗ ಪತ್ರದ ಮೇಲೆ ನನಗೆ ನಂಬಿಕೆ ಕಡಿಮೆ. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ಚಳವಳಿಯಲ್ಲಿ ಬರೆಯಬಲ್ಲ ಸಾಹಿತಿಗಳು ಮೊದಲಿಂದಲೂ ಇದ್ದರು. ಆದರೂ ಊರೂರಿಗೆ ಕಿಚ್ಚು ಹತ್ತಿದ್ದು 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದ ಮೇಲೆ. ಪತ್ರ ಬರೆಯಬೇಡಿ ಅಂತಲ್ಲ. ಏನು ಕೇಳುತ್ತಿದ್ದೇವೆ ಅನ್ನೋದು ಬರೆಯುವಾಗ ನಮಗೇ ಸ್ಪಷ್ಟವಾಗುತ್ತದೆ.

ನಿಮ್ಮ ವಿಷಯ ಯಾವುದು ಅಂತ ಹೇಳಿಲ್ಲ. ಯಾವುದೇ ಇರಲಿ, ಅದಕ್ಕೆ ಕೊನೆಗೆ ಯಾರ ಸಹಿ ಬೇಕು ಅಂತ ಮೊದಲು ತಿಳಿದುಕೊಳ್ಳಿ. ಧರಣಿ ಕೂರುವುದಾದರೆ ಅವರ ಆಫೀಸಿನ ಮುಂದೆಯೇ ಕೂರಿ, ಪಟ್ಟಿಯನ್ನು ಜೇಬಿನಲ್ಲೇ ಇಟ್ಟುಕೊಂಡಿರಿ.