ಚಿನ್ನದ ನ್ಯಾನೊ ಕಡ್ಡಿಗಳಲ್ಲಿ ಮಾಹಿತಿ ಸಂಗ್ರಹ

ಪ್ರಶ್ನೆ: ಚಿನ್ನದ ಅತಿಸೂಕ್ಷ್ಮ ಕಡ್ಡಿಗಳ ನೆರವಿನಿಂದ ಡಿವಿಡಿ ಗಾತ್ರದ ತಟ್ಟೆಯಲ್ಲೇ ನೂರಾರು ಪಟ್ಟು ಹೆಚ್ಚು ಮಾಹಿತಿ ತುಂಬಬಹುದೆಂದು ಓದಿದೆ. ಜಾಗ ಅಷ್ಟೇ ಇರುವಾಗ ಇದು ಹೇಗೆ ಸಾಧ್ಯ? ಅಂಥ ತಟ್ಟೆ ಅಂಗಡಿಗೆ ಏಕೆ ಬಂದಿಲ್ಲ?

ಉತ್ತರ: ಸಿಡಿಯಿಂದ ಬ್ಲೂ-ರೇವರೆಗೆ ತಯಾರಕರು ಹಿಡಿದ ದಾರಿ ಒಂದೇ. ಲೇಸರ್ ಬೆಳಕಿನ ತರಂಗಾಂತರವನ್ನು 780 ನ್ಯಾನೊಮೀಟರಿನಿಂದ 650ಕ್ಕೆ, ಅಲ್ಲಿಂದ 405ಕ್ಕೆ ಇಳಿಸಿ, ಮಸೂರವನ್ನು ಸುಧಾರಿಸಿ, ಬರೆಯುವ ಚುಕ್ಕೆಯನ್ನು ಚಿಕ್ಕದಾಗಿಸುತ್ತ ಬಂದರು. ಆದರೆ ತರಂಗಾಂತರದ ಸುಮಾರು ಅರ್ಧಕ್ಕಿಂತ ಚಿಕ್ಕ ಚುಕ್ಕೆಗೆ ಬೆಳಕನ್ನು ಕೂಡಿಸಲು ಸಾಮಾನ್ಯ ಮಸೂರಕ್ಕೆ ವಿವರ್ತನೆ, ಅಂದರೆ ಬೆಳಕಿನ ಅಲೆಗಳು ಹರಡಿಕೊಳ್ಳುವ ಗುಣ, ಅವಕಾಶ ಕೊಡುವುದಿಲ್ಲ.

ಮೆಲ್ಬರ್ನ್‌ನ ಸ್ವಿನ್‌ಬರ್ನ್ ತಾಂತ್ರಿಕ ವಿಶ್ವವಿದ್ಯಾಲಯದ ಪೀಟರ್ ಝೈಲ್‌ಸ್ಟ್ರಾ, ಜೇಮ್ಸ್ ಚಾನ್ ಮತ್ತು ಮಿನ್ ಗು 2009ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಚುಕ್ಕೆಯನ್ನು ಕಿರಿದಾಗಿಸುವ ಗೋಜಿಗೇ ಹೋಗಲಿಲ್ಲ; ಒಂದೇ ಚುಕ್ಕೆಯಲ್ಲಿ ಹಲವು ಬರಹಗಳನ್ನು ಒಂದಕ್ಕೊಂದು ತಾಗದಂತೆ ಇರಿಸಿತು. ಚಿನ್ನದ ಕಡ್ಡಿಯೊಳಗಿನ ಎಲೆಕ್ಟ್ರಾನುಗಳು ಬೆಳಕಿನೊಡನೆ ಒಟ್ಟಾಗಿ ಓಲಾಡುತ್ತವೆ. ಪ್ಲಾಸ್ಮಾನ್ ಎಂದು ಕರೆಯುವ ಈ ಓಲಾಟ ಯಾವ ತರಂಗಾಂತರದಲ್ಲಿ ತೀವ್ರವಾಗುತ್ತದೆಂಬುದು ಕಡ್ಡಿಯ ಉದ್ದಕ್ಕೂ ದಪ್ಪಕ್ಕೂ ಇರುವ ಅನುಪಾತವನ್ನು ಅವಲಂಬಿಸಿದೆ. ಬೆಳಕಿನ ಧ್ರುವೀಕರಣದ ದಿಕ್ಕು, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕು, ಕಡ್ಡಿ ಮಲಗಿರುವ ದಿಕ್ಕಿಗೆ ಹೊಂದಲೂಬೇಕು. ಬಗೆಬಗೆಯ ಅನುಪಾತದ ಕಡ್ಡಿಗಳನ್ನು ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಎತ್ತೆತ್ತಲೋ ಚೆದುರಿರುವಂತೆ ಬೆರೆಸಿ, ತೆಳುಪದರವಾಗಿ ಹರಡಿ, ಲೇಸರ್ ಮಿಡಿತ ಹಾಯಿಸಿದಾಗ, ತರಂಗಾಂತರವೂ ದಿಕ್ಕೂ ಹೊಂದಿದ ಕಡ್ಡಿಗಳು ಮಾತ್ರ ಕಾದು ಕರಗಿ ಗಿಡ್ಡವಾಗುತ್ತವೆ ಅಥವಾ ಗೋಲಿಯಾಗುತ್ತವೆ, ಪಕ್ಕದವು ಹಾಗೆಯೇ ಉಳಿಯುತ್ತವೆ. ಮೂರು ತರಂಗಾಂತರ, ಎರಡು ದಿಕ್ಕು, ಮೂರು ಪದರ ಸೇರಿ ಒಟ್ಟು 18 ಚಿತ್ರಗಳನ್ನು ಅವರು ಹೀಗೆ ಬರೆದು ತೋರಿಸಿದರು. ಡಿವಿಡಿ ಗಾತ್ರದ ತಟ್ಟೆಗೆ 1.6 ಟೆರಾಬೈಟ್ ಸಾಧ್ಯವೆಂಬುದು ಅವರ ಅಂದಾಜು. ಏಕಪದರದ ಡಿವಿಡಿಯದು 4.7 ಗಿಗಾಬೈಟ್.

ಓದುವ ವಿಧಾನವೇ ನನಗೆ ಇದರಲ್ಲಿ ಅತ್ಯಂತ ಸೊಗಸಾಗಿ ಕಾಣುತ್ತದೆ. ಮಂದ ಲೇಸರ್ ಹಾಯಿಸಿದಾಗ, ಕರಗದೆ ಉಳಿದ ಕಡ್ಡಿಗಳು ಎರಡೆರಡು ಫೋಟಾನುಗಳನ್ನು (ಬೆಳಕಿನ ಕಣಗಳನ್ನು) ಹೀರಿ ಬೆಳಕು ಸೂಸುತ್ತವೆ. ಇದಕ್ಕೆ ಬೆಳಕು ದಟ್ಟವಾಗಿರಬೇಕಾದ್ದರಿಂದ ನಾಭಿಯಲ್ಲಿರುವ ಪದರವಷ್ಟೇ ಹೊಳೆಯುತ್ತದೆ. ಮೇಲಿನ ಹಾಗೂ ಕೆಳಗಿನ ಪದರಗಳು ಅಡ್ಡಬರುವುದಿಲ್ಲ, ಓದಿದ್ದರಿಂದ ಬರಹವೂ ಅಳಿಯುವುದಿಲ್ಲ.

ಗೋಲಿಯಾದ ಚಿನ್ನ ಮತ್ತೆ ಕಡ್ಡಿಯಾಗದ ಕಾರಣ ಇದರಲ್ಲಿ ಒಮ್ಮೆ ಮಾತ್ರ ಬರೆಯಲು ಸಾಧ್ಯ. ದಾಖಲೆಗಳನ್ನು ಕಾಪಿಡುವವರಿಗೆ ಇದನ್ನು ಕೊರತೆಯೆನ್ನಲು ನಾನು ಸಿದ್ಧನಿಲ್ಲ. ನಿಜವಾದ ಅಡ್ಡಿ ಬೇರೆ ಇದೆ: ಪ್ರಯೋಗಕ್ಕೆ ಬಳಸಿದ್ದು ಫೆಮ್ಟೊಸೆಕೆಂಡ್ (ಸೆಕೆಂಡಿನ ಲಕ್ಷಕೋಟಿಯ ಸಾವಿರದಲ್ಲೊಂದು ಭಾಗ) ಮಿಡಿತದ ದುಬಾರಿ ಲೇಸರ್, ಮನೆಯ ಡಿವಿಡಿ ಡ್ರೈವಿನಲ್ಲಿರುವುದು ಅಗ್ಗದ ಡಯೋಡ್. ಹಲವು ತರಂಗಾಂತರಗಳನ್ನೂ ಧ್ರುವೀಕರಣಗಳನ್ನೂ ನಿಭಾಯಿಸುವ, ವೇಗವಾಗಿ ಬರೆಯುವ ಡ್ರೈವ್ ಜನಸಾಮಾನ್ಯರ ಕೈಗೆಟಕುವ ಬೆಲೆಗೆ ಬರುವ ಮೊದಲೇ ಹಾರ್ಡ್ ಡಿಸ್ಕ್ ಮತ್ತು ಫ್ಲ್ಯಾಶ್ ಮೆಮೊರಿ ಅಗ್ಗವಾಗಿ ಮಾರುಕಟ್ಟೆಯನ್ನು ತುಂಬಿಕೊಂಡವು.